ಗಿರಣಿಯ ಮುಂದೆ ಆಡಿದ ಮಾತು

ಹೆಂಡತಿಯ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಶ್ರೀಪಾಲನ ಬಾಜೂಕೆ ಎದುರುಮನೆಯ ಸಾವಂತ್ರವ್ವ ಬಂದು ಕುಕ್ಕರಗಾಲಲ್ಲಿ ಕೂತಳು.

"ಅಣ್ಣಾರ, ಅಕ್ಕಾತಾಯಿ ಬರದ ವಹಿ ಅಕಿ ಜೋಡೀನ ಚಿತಾದಾಗ ಹಾಕಿಬಿಡ್ರಿ."

"ಯಾಕ?"

"ಬೆಳಗಾವಿಯವ್ರು ಅಚ್ಚು ಹಾಕ್ತಾರಂತಲ್ರೀ. ಓಣಿ ಹೆಂಗಸ್ರೆಲ್ಲಾ ಅಕಿ ಮುಂದ ಮನಸು ಬಿಚ್ಚೀವಿ. ಏನೇನು ಬರದಾಳೋ. ನಂದಂತೂ ಇರತೈತಿ, ಖರೇ."

ಆ ವಹಿಯಲ್ಲಿ ಹೆಂಡತಿ ಬರೆದಿದ್ದ ಕಾದಂಬರಿಯನ್ನು ಶ್ರೀಪಾಲ ಓದಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಖಾನಾಪುರದಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ್ದಳು. ಬರೆಯುವ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೆಂದು ಒಂದೇ ಸಲ ಕೇಳಿದ್ದ.

*

"ನಿನಗ್ಯಾಕ ಈ ಉಸಾಬರಿ?"

ಅಕ್ಕಾತಾಯಿ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರಸಿಕೊಂಡಳು.

"ಗಿರಣಿ ಚಾಲೂ ಆತಂದ್ರ ನಂಗೇನೂ ಕೇಳಂಗಿಲ್ರೀ. ಬೀಸಾಕ ಬಂದ ಹೆಂಗಸ್ರು ಅವಾಗನ ಬಾಯಿ ಬಿಡ್ತಾರ, ಮನ್ಯಾಗ ಆಡಲಾರದ್ದೆಲ್ಲಾ. ನಾ ಗೋಣ ಹಾಕ್ತೀನಿ. ಕಣ್ಣಾಗಿನ ನೀರು ಕಾಣತೈತಿ, ತುಟಿ ಅಲ್ಲಾಡೂದು ಕಾಣತೈತಿ. ಮಾತು ಕೇಳಂಗಿಲ್ಲ. ತಿರುಗಿ ಹೇಳವಾ ಅಂತ ಹೆಂಗ ಕೇಳ್ಲಿ? ಏನಂದಿರಬೇಕು ಅಂತ ಬರದ ಮ್ಯಾಲನ ಜೀವಕ್ಕ ಸಮಾಧಾನ."

ಅಂದಿನಿಂದ ಪೇಟೆಗೆ ಹೋದಾಗೆಲ್ಲ ಶ್ರೀಪಾಲ ಅವಳಿಗೊಂದು ವಹಿ ತರುತ್ತಿದ್ದ. ಮತ್ತೇನೂ ಕೇಳಲಿಲ್ಲ.

*

ಹಗ್ಗ ಬಿಟ್ಟು ಒಳಗೆ ಹೋದ ಶ್ರೀಪಾಲ ದಪ್ಪ ವಹಿಯೊಂದನ್ನು ತಂದು ಸಾವಂತ್ರವ್ವನ ಕೈಗಿಟ್ಟ.

"ಮೊದಲ ಓದ್ರಿ. ನಿಮ್ಮದು ಇದ್ದರ ನೀವ ಹಾಕ್ರಿ."

ಅವಳು ಗಿರಣಿಯ ಕಟ್ಟೆಯ ಮೇಲೆ ಕೂತು ಹಾಳೆ ತಿರುವತೊಡಗಿದಳು. ಅಂಗಳದಲ್ಲಿ ಹೆಂಗಸರು ಣಮೋಕಾರ ಮಂತ್ರ ಹೇಳುತ್ತಿದ್ದರು. ಒಂದು ಕಡೆ ಅವಳ ಬೆರಳು ನಿಂತಿತು.

"ಹೆಸರು ಬ್ಯಾರೆ ಇಟ್ಟಾಳ. ಹಣಿ ಮ್ಯಾಲಿನ ಗಾಯ ನಂದ. ಬೀಡಿ ಊರಾಗಿನ ತವರಮನೀನೂ ನಂದ."

ಆಮೇಲೆ ಅಕ್ಷರ ಅಕ್ಷರ ಕೂಡಿಸಿ, ಮೆಲ್ಲಗೆ ಓದಿದಳು: "'ಇನ್ನೊಮ್ಮೆ ನನ್ನ ಮ್ಯಾಲ ಕೈ ಎತ್ತಿದಿ ಅಂದ್ರ ನಿನ್ನ ಮನಿ ನಿನಗ, ನನ್ನ ದಾರಿ ನನಗ' ಅಂದಳು. ಗಂಡ ಕೈ ಇಳಿಸಿದ."

ಹೆಂಡತಿ ಬರೆದ ಮಾತನ್ನು ಶ್ರೀಪಾಲ ಕೇಳಿದ್ದು ಅದೇ ಮೊದಲು.

"ಅವತ್ತು ಗಿರಣಿ ಮುಂದ ನಾ ಅಂದಿದ್ದು ಇದಲ್ರೀ ಅಣ್ಣಾರ," ಎಂದಳು ಸಾವಂತ್ರವ್ವ. "ತಪ್ಪು ನಂದ ಅಂತ ಹೇಳಿ ಅತ್ತಿದ್ದೆ."

"ಮತ್ತ, ಚಿತಾಕ್ಕ ಹಾಕೂದೇನು?"

ಅವಳು ವಹಿಯನ್ನು ಮಡಿಲಿಗೆ ಎಳೆದುಕೊಂಡಳು. ಚಟ್ಟ ಎತ್ತಲು ಬಂದಿದ್ದ ಅವಳ ಗಂಡ ಸೋಮಲಿಂಗ ಬಾಗಿಲಲ್ಲಿ ನಿಂತು ನೋಡಿದ.

"ಏನ ಓದಾಕತ್ತಿ? ಇಟ್ಟು ಏಳು, ಮನೀಗೆ ನಡಿ."

ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಸೋಮಲಿಂಗ ಇನ್ನೊಮ್ಮೆ ಕರೆದ. ಸಾವಂತ್ರವ್ವ ತಲೆ ಎತ್ತದೆ, ಬೆರಳನ್ನು ನಾಲಿಗೆಗೆ ಹಚ್ಚಿ ಮುಂದಿನ ಹಾಳೆ ತಿರುವಿದಳು.