ನೆತ್ತಿಯ ಉರಿಗೆ ಉಡುಗೊರೆ

ಕುಮಾಸಿ ನಗರದಲ್ಲಿ ಶಾಲೆ ಮುಗಿಯುವವರೆಗೆ ಹುಡುಗಿಯರು ಕೂದಲು ಬೆಳೆಸುವಂತಿಲ್ಲ. ಅಡೋಮಾಳ ಕೊನೆಯ ಪರೀಕ್ಷೆ ಮುಗಿದು ಐದು ತಿಂಗಳಾಗಿತ್ತು. ತಲೆತುಂಬ ಕರ್ರಗೆ, ಒತ್ತಾಗಿ, ಗುಂಗುರು ಗುಂಗುರಾಗಿ ಕೂದಲು ಬಂದಿತ್ತು. ಅದನ್ನು ನೋಡಿ ಹಿಗ್ಗುವುದು ಬಿಟ್ಟು, ನೆಟ್ಟಗೆ ಮಾಡಿಸುವ ದಿನ ಗೊತ್ತುಮಾಡಿದರು ಮನೆಯವರು. ಭಾನುವಾರ ಅವಳಿಗಾಗಿ ಚರ್ಚಿನಲ್ಲಿ ಪ್ರಾರ್ಥನೆ. ಶನಿವಾರ ತಲೆಗೆ ಗುಂಗುರು ಬಿಡಿಸಿ ನೆಟ್ಟಗೆ ಮಾಡುವ ಕ್ರೀಮು.

ಅಜ್ಜಿ ಡುಫಿಯೆಯ ಮನೆಯಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಕ್ರೀಮು ಹಚ್ಚಿದ ಮೇಲೆ ಹೆಂಗಸರು ಸುತ್ತ ಕೂತು ಮೂರು ಹಾಡು ಹೇಳುತ್ತಾರೆ. ಹಾಡು ಮುಗಿಯುವವರೆಗೆ ಉರಿ ತಡೆದುಕೊಂಡು ಕೂತ ಹುಡುಗಿಗೆ ಆರು ಗಜದ ಹೊಸ ಬಟ್ಟೆ. ಎದ್ದು ಓಡಿದವಳಿಗೆ ಜೀವಮಾನವಿಡೀ ಗೇಲಿ. ನೋವಿಗೆ ಬಹುಮಾನ ಕೊಡುವ ಮನೆಗೆ ಏನು ಹೇಳೋಣ! ಡುಫಿಯೆಯ ಮಗಳು, ಅಡೋಮಾಳ ತಾಯಿ ಪೊಕುವಾ ತನ್ನ ಕಾಲದಲ್ಲಿ ಮೂರು ಸಾಲದೆಂದು ಹಾಡಿಸಿಕೊಂಡ ನಾಲ್ಕನೆಯ ಹಾಡಿಗೂ ಅಲುಗದೆ ಕೂತಿದ್ದಳು. ಆ ನೀಲಿ ಬಟ್ಟೆ ಇನ್ನೂ ಅವಳ ಪೆಟ್ಟಿಗೆಯಲ್ಲಿತ್ತು. ಕೂದಲು ಇರಲಿಲ್ಲ.

ಮೊದಲು ನೆತ್ತಿಯಲ್ಲಿ ನವೆ, ಆಮೇಲೆ ಮುಟ್ಟಿದರೆ ನೋವು, ಆಮೇಲೆ ಕಾಸಗಲ ಬೋಳು. ಅದು ವರ್ಷದಿಂದ ವರ್ಷಕ್ಕೆ ಹಬ್ಬಿ ಅಂಗೈಯಗಲ ಆಯಿತು. ಹತ್ತು ವರ್ಷ ಗಂಡನಿಗೂ ತೋರಿಸದೆ ವಿಗ್ಗಿನ ಕೆಳಗೆ ಮುಚ್ಚಿಟ್ಟಳು. ಹೋದ ತಿಂಗಳು ಕದ್ದು ಚರ್ಮದ ಡಾಕ್ಟರ ಹತ್ತಿರ ಹೋದಾಗ ಆಕೆ ಪರೀಕ್ಷೆ ಮಾಡಿಸಿ ಹೇಳಿದ್ದಳು: "ಕೂದಲಿನ ಬುಡ ಸತ್ತು ಒಳಗೆ ಕಲೆಗಟ್ಟಿದೆ. ಹೋದದ್ದು ಬರಲ್ಲ, ಉಳಿದದ್ದನ್ನ ಉಳಿಸ್ಕೋಬಹುದು. ಇದು ವಂಶದಲ್ಲೂ ಬರುತ್ತಮ್ಮ. ಅದರ ಮೇಲೆ ಸುಡೋ ಕ್ರೀಮು, ಬಿಗಿ ಜಡೆ ಅಂದ್ರೆ ಉರಿಯೋ ಬೆಂಕಿಗೆ ತುಪ್ಪ. ಮಗಳಿದ್ದಾಳಾ?"

ಅಂದಿನಿಂದ ಆ ಪ್ರಶ್ನೆ ಪೊಕುವಾಳ ಬೆನ್ನು ಬಿಡಲಿಲ್ಲ. ಅಡೋಮಾ ತಲೆ ಕೆರೆದುಕೊಂಡರೆ ಸಾಕು, ಇವಳು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ನೆತ್ತಿ ನೋಡುತ್ತಿದ್ದಳು. ಮೂರು ಸಲ ಹೇಳಲು ಬಾಯಿ ತೆರೆದು ಮೂರು ಸಲವೂ ನುಂಗಿಕೊಂಡಳು. ಹೇಳಬೇಕಾದರೆ ತೋರಿಸಬೇಕಲ್ಲ!

ಶನಿವಾರ ಬಂದೇ ಬಂತು. ಪೊಕುವಾಳ ಅಕ್ಕ ಕೊನಾಡು ಕೈಗವಸು ತೊಟ್ಟು ಡಬ್ಬಿ ತೆರೆದಳು. ಘಾಟು ಮೂಗಿಗೆ ಬಡಿಯಿತು.

"ಅಕ್ಕಾ, ಬೇಡ. ಹಾಗೇ ಇರ್ಲಿ ಬಿಡು," ಎಂದಳು ಪೊಕುವಾ.

"ಹಾಗೇ? ತಲೆ ಮೇಲೆ ಪೊದೆ ಹೊತ್ಕೊಂಡು ಚರ್ಚಿಗೆ ಬರ್ತಾಳಾ? ಜನ ಅದ್ರಲ್ಲಿ ಕೋಳಿ ಹುಡುಕ್ತಾರೆ!"

ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ತಲೆವಸ್ತ್ರದ ಗಂಟು ಸರಿಮಾಡಿಕೊಂಡಳು. "ಚೆಂದ ಪುಕ್ಕಟೆ ಬರಲ್ಲ ಕಣೇ. ನಮ್ಮವ್ವ ಕಾದ ಕಬ್ಬಿಣದ ಬಾಚಣಿಗೇಲಿ ಎಳೀತಿದ್ಲು. ನಾನೇನು ಸತ್ನಾ? ಸುಟ್ರೆ ಕ್ರೀಮು ಹಿಡಿದಿದೆ ಅಂತ ಅರ್ಥ."

"ಹಚ್ಚು ದೊಡ್ಡಮ್ಮ," ಎಂದಳು ಅಡೋಮಾ, ಜಂಬದಿಂದ. "ಅಮ್ಮ ನಾಲ್ಕು ಹಾಡು ಕೂತಿದ್ಲಂತೆ. ನಾನು ಐದು ಕೂರ್ತೀನಿ, ನೋಡ್ತಿರು."

ಆ ಮಾತು ಪೊಕುವಾಳ ಕರುಳಿಗೆ ಚುಚ್ಚಿತು. ಮಗಳಿಗೆ ಈ ಹಟ ಕಲಿಸಿದ್ದು ತನ್ನದೇ ಕಥೆ.

ಬಿಳಿ ಕ್ರೀಮು ನೆತ್ತಿಯ ನಡುವಿಗೆ ಬಿತ್ತು. ಮೊದಲ ಹಾಡಿಗೆ ಅಡೋಮಾ ನಗುತ್ತಿದ್ದಳು. ಎರಡನೆಯದರಲ್ಲಿ ತುಟಿ ಕಚ್ಚಿದಳು, ಕಾಲ್ಬೆರಳು ಮುದುರಿದವು. ಮೂರನೆಯದು ಶುರುವಾದಾಗ ಕಣ್ಣೀರು ಗಲ್ಲಕ್ಕೆ ಇಳಿಯಿತು, ಆದರೂ ಹುಡುಗಿ ಕದಲಲಿಲ್ಲ. ಪೊಕುವಾ ಎದ್ದು ನಿಂತಳು. ವಿಗ್ಗನ್ನು ಕಿತ್ತು ತನ್ನ ತಾಯಿಯ ಮಡಿಲಿಗೆ ಹಾಕಿದಳು.

ಹಾಡು ನಿಂತಿತು.

"ಅಯ್ಯೋ, ಮುಚ್ಕೊಳ್ಳೇ!" ಕೊನಾಡು ಚೀರಿದಳು.

"ಮುಚ್ಚಿ ಮುಚ್ಚಿ ಸಾಕಾಯ್ತಕ್ಕಾ. ಅವ್ವಾ, ನೋಡು. ನಾಲ್ಕನೇ ಹಾಡಿಗೆ ನನಗೆ ಸಿಕ್ಕಿದ ಉಡುಗೊರೆ ಇದೇ. ಇಲ್ಲಿ ಇನ್ನು ಕೂದಲು ಹುಟ್ಟಲ್ಲ ಅಂದ್ರು ಡಾಕ್ಟ್ರು. ವಂಶದಲ್ಲೂ ಬರುತ್ತಂತೆ. ಇವಳಿಗೆ ಇನ್ನೂ ಹದಿನೆಂಟು!"

ಅಜ್ಜಿ ಮಗಳ ತಲೆ ಬಗ್ಗಿಸಿ ಆ ನುಣುಪಾದ ನೆತ್ತಿಯನ್ನು ನೋಡಿದಳು. ಸೂಜಿಯ ಮೊನೆಯಷ್ಟು ಕೂದಲಿನ ಗುರುತೂ ಇಲ್ಲದ ಚರ್ಮ. ಆಮೇಲೆ ಅವಳ ಕೈ ತಾನಾಗಿ ತನ್ನ ತಲೆವಸ್ತ್ರದ ಮೇಲಕ್ಕೆ ಹೋಯಿತು.

"ಮೊದಲು ನವೆ ಬಂತಾ?"

"ಹ್ಞೂಂ ಅವ್ವ."

"ಆಮೇಲೆ ರಾತ್ರಿ ದಿಂಬಿಗೆ ತಲೆ ಇಟ್ರೂ ನೋಯ್ತಿತ್ತು," ಎಂದಳು ಅಜ್ಜಿ.

ಪೊಕುವಾ ಅದನ್ನು ಹೇಳಿರಲೇ ಇಲ್ಲ. ಕೊನಾಡು ತಲೆ ತಗ್ಗಿಸಿದಳು. ಅವಳೂ ವಿಗ್ಗು ಹಾಕಿ ಆರು ವರ್ಷವಾಗಿತ್ತು. ಒಂದೇ ಸೂರಿನ ಕೆಳಗೆ ಮೂವರು ಒಂದೇ ಗಾಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದರು.

"ಕೊನಾಡು, ನೀರು ತಾ. ಬೇಗ!" ಅಜ್ಜಿ ಕೂಗಿದಳು.

"ಅಜ್ಜೀ, ಹಾಡು ಮುಗೀಲಿಲ್ಲ," ಎಂದಳು ಅಡೋಮಾ ಬಿಕ್ಕುತ್ತ.

"ಹಾಡು ಹಾಳಾಗಲಿ. ಏಳೇ!"

ಅಜ್ಜಿಯೇ ಕೊಡಕ್ಕೆ ಕೊಡ ಸುರಿದು ತೊಳೆದಳು. ನೆತ್ತಿಯಲ್ಲಿ ಉಗುರಗಲ ಚರ್ಮ ಬೆಂದಿತ್ತು. ಅಲ್ಲಿ ಕೂದಲು ಮತ್ತೆ ಬರುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಸೋಮವಾರವೇ ಡಾಕ್ಟರ ಹತ್ತಿರ ಅಜ್ಜಿಯೂ ಸೇರಿ ನಾಲ್ವರೂ ಹೋಗುವುದೆಂದಾಯಿತು.

ಅಡೋಮಾ ತಲೆ ಒರೆಸಿಕೊಳ್ಳುತ್ತ ಸಪ್ಪೆ ಮುಖದಲ್ಲಿ ಕೂತಿದ್ದಳು. ಅಜ್ಜಿ ಒಳಗಿಂದ ಹಳದಿ ಹೂವಿನ ಹೊಸ ಬಟ್ಟೆ ತಂದು ಅವಳ ಮಡಿಲಲ್ಲಿಟ್ಟಳು.

"ನಾನು ಸೋತೆನಲ್ಲ ಅಜ್ಜಿ?"

"ತಗೋ," ಎಂದಳು ಅಜ್ಜಿ. "ಇನ್ಮೇಲೆ ಈ ಮನೇಲಿ ಎದ್ದವಳಿಗೇ ಬಟ್ಟೆ."