ಆರನೇ ಮನೆ

"ಕೋವಿ ಬಾಯಿ ಆ ಕಡೆಗಿರ್ಲಿ," ಎನ್ನುತ್ತ ವರ್ಲಿನ್ ಹಾಗನ್ ಮರಳು ತುಂಬಿದ ಬಕೆಟ್ಟನ್ನು ಮೇಜಿನ ತುದಿಗೆ ಎಳೆದುಕೊಂಡ. ಜೋಲೀನ್ ಕಿಟ್ರಿಜ್ ತಂದಿದ್ದ ತಗಡಿನ ಡಬ್ಬದಲ್ಲಿ ಎಣ್ಣೆ ಕುಡಿದ ಟವೆಲ್ಲು, ಅದರೊಳಗೆ ಒಂದು ರಿವಾಲ್ವರ್. ನಲವತ್ತೆಂಟು ವರ್ಷ ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಇರುವಷ್ಟು ದಿನ ಅವಳ ತಾಯಿ ಬಿಡಲಿಲ್ಲ. ಕಳೆದ ಚಳಿಗಾಲ ತಾಯಿ ತೀರಿಕೊಂಡ ಮೇಲೆ ಇವಳಿಗೇ ಧೈರ್ಯ ಸಾಲಲಿಲ್ಲ.

ಮಾಂಟಾನಾದ ಆ ಭಾಗದಲ್ಲಿ ಯಾರಿಗೆ ಹಳೆಯ ಕೋವಿ ಸಿಕ್ಕರೂ ವರ್ಲಿನ್ನನ ಮನೆಗೇ ತರುತ್ತಾರೆ. ಅದರಲ್ಲೂ ಅರವತ್ತರ ದಶಕದಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ, ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಂಬ ಹಿಂದಿನ ಕೊಕ್ಕೆಯನ್ನು ಎಳೆಯಬೇಕಾದ ಹಳೇ ಮಾದರಿಯ ರಿವಾಲ್ವರುಗಳೆಂದರೆ ಅವನಿಗೆ ಪ್ರಾಣ. ಇಲ್ಲೇ ತಯಾರಾದ ದೊಡ್ಡ ಹೆಸರಿನ ಕೋವಿಗಳ ಹಿಂದೆ ಬಿದ್ದವರು ಇವನ್ನು ನಕಲು ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಇವನ್ನು ಮಾಡಿದ ಬೊನಾರ್ದಿ ಅಣ್ಣತಮ್ಮಂದಿರ ಚರಿತ್ರೆಯನ್ನು ವರ್ಲಿನ್ ಹದಿನೆಂಟು ವರ್ಷದಿಂದ ಬರೆಯುತ್ತಿದ್ದಾನೆ. ಯಾವ ಕಣಿವೆ, ಯಾವ ಕುಲುಮೆ, ಅಣ್ಣತಮ್ಮ ಜಗಳವಾಡಿ ಬಾಗಿಲು ಹಾಕಿದ್ದು ಯಾವ ವರ್ಷ, ಎಲ್ಲವೂ ಅವನಿಗೆ ಕಂಠಪಾಠ. ಅವನ ಹೆಂಡತಿಯ ಹುಟ್ಟುಹಬ್ಬ ಮಾತ್ರ ಯಾರಾದರೂ ನೆನಪಿಸಬೇಕು.

"ಅರವತ್ತಾರರದ್ದು," ಎಂದ, ನಳಿಗೆಯ ಕೆಳಗಿನ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡುತ್ತ. "ಹಿಡಿಯ ಮರ ನೋಡು, ಇದು ತಮ್ಮ ಕೂರಿಸಿದ್ದು. ಅಣ್ಣನ ಕೈಗೆ ಇಷ್ಟು ನಾಜೂಕು ಇರ್ಲಿಲ್ಲ."

"ವರ್ಲಿನ್, ನಾನು ಅದರ ಜಾತಕ ಕೇಳೋಕೆ ಬಂದಿಲ್ಲ. ಒಳಗೆ ತೋಟೆ ಎಷ್ಟಿವೆ ನೋಡಿ, ಸಾಕು."

ಆ ರಿವಾಲ್ವರಿಗೆ ಗುಂಡು ತುಂಬುವ ಆರು ಮನೆ. ಬಲ್ಲವರು ಐದಕ್ಕೇ ತೋಟೆ ತುಂಬಿ, ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಾರೆ. ಇಲ್ಲದಿದ್ದರೆ ಕೆಳಗೆ ಬಿದ್ದ ಏಟಿಗೇ ಗುಂಡು ಹಾರುತ್ತದೆ. 1971ರ ಅಕ್ಟೋಬರಿನಲ್ಲಿ ದನ ಇಳಿಸಲು ಗುಡ್ಡಕ್ಕೆ ಹೊರಟ ಅವಳ ತಂದೆ ರಾಸ್‌ನ ಸೊಂಟದಿಂದ ಜಾರಿ ಇದು ಬಂಡೆಯ ಮೇಲೆ ಬಿದ್ದಿತ್ತು. ಗುಂಡು ತೊಡೆಗೆ ಹೊಕ್ಕಿತು. ರಸ್ತೆ ಮುಟ್ಟುವಷ್ಟರಲ್ಲಿ ಅವನು ಬದುಕಿರಲಿಲ್ಲ. ಬೆಳಿಗ್ಗೆ ತೋಟೆ ತುಂಬಿಕೊಟ್ಟವಳು ಹನ್ನೊಂದು ವರ್ಷದ ಜೋಲೀನ್. ಹುಡುಗಿ ಎಣಿಕೆ ತಪ್ಪಿದಳು ಎಂದು ಊರು ತೀರ್ಮಾನಿಸಿತು. ತಾಯಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೇ ಒಳ್ಳೆಯದಿತ್ತು.

ವರ್ಲಿನ್ ಹ್ಯಾಮರನ್ನು ಅರ್ಧಕ್ಕೆ ಎಳೆದು, ಪಕ್ಕದ ಪುಟ್ಟ ಬಾಗಿಲು ತೆರೆದು, ಒಂದೊಂದೇ ಮನೆಯನ್ನು ತಿರುಗಿಸುತ್ತ ಬಂದ. ಹಾರಿಹೋದ ಗುಂಡಿನ ಖಾಲಿ ಕೊಳವೆ ಒಂದು ಸಿಕ್ಕಿತು. ಆಮೇಲೆ ಇನ್ನೂ ಹಾರದ ತೋಟೆ ಒಂದು, ಎರಡು, ಮೂರು, ನಾಲ್ಕು. ಕೊನೆಯ ಮನೆಯಿಂದ ಐದನೆಯದೂ ಬಿತ್ತು.

"ಆರು," ಎಂದಳು ಜೋಲೀನ್. "ಹಾಗಾದ್ರೆ ನಾನೇ. ಸರಿ ಬಿಡಿ, ಗೊತ್ತಾಯ್ತಲ್ಲ." ಎದ್ದು ಚೀಲಕ್ಕೆ ಕೈ ಹಾಕಿದಳು.

"ಕೂತ್ಕೋ."

"ಇನ್ನೇನಿದೆ ನೋಡೋಕೆ?"

"ಕೂತ್ಕೋ ಅಂದೆ." ವರ್ಲಿನ್ ಖಾಲಿ ಕೊಳವೆಯನ್ನು ದೀಪಕ್ಕೆ ಹಿಡಿದಿದ್ದ. "ಅವತ್ತು ತೋಟೆ ಎಲ್ಲಿಂದ ತಗೊಂಡೆ?"

"ಹೊಸ ಡಬ್ಬಿಯಿಂದ. ಅಡುಗೆಮನೆ ಮೇಜಿನ ಮೇಲೆ ಅಪ್ಪ ಇಟ್ಟಿದ್ದ."

"ತೋಟೆ ಸಿಕ್ಕಿಸೋ ಬೆಲ್ಟಿಂದ ಒಂದೂ ತೆಗೀಲಿಲ್ವಾ?"

"ಬೆಲ್ಟು ಅಪ್ಪನ ಸೊಂಟದಲ್ಲಿತ್ತು. ಅವನು ಹೊರಗೆ ಕುದುರೆಗೆ ಜೀನು ಕಟ್ತಾ ಇದ್ದ."

ವರ್ಲಿನ್ ಕೊಳವೆಯನ್ನು ಅವಳ ಅಂಗೈ ಮೇಲಿಟ್ಟ. ಅದರ ಸುತ್ತ ಹಸಿರು ಕಿಲುಬು ಬಳೆಯಂತೆ ಕಟ್ಟಿತ್ತು. ಮೇಜಿನ ಮೇಲಿನ ಐದು ಮಂಕಾಗಿದ್ದವು, ಆದರೆ ಒಂದಕ್ಕೂ ಕಿಲುಬಿರಲಿಲ್ಲ.

"ವರ್ಷಗಟ್ಟಲೆ ಬೆಲ್ಟಿನ ಚರ್ಮದ ಕುಣಿಕೆಯಲ್ಲಿದ್ರೆ ಹಿತ್ತಾಳೆ ಹೀಗಾಗುತ್ತೆ. ಡಬ್ಬಿಯಲ್ಲಿದ್ದದ್ದು ಆಗಲ್ಲ. ಆ ಐದು ನೀನು ತುಂಬಿದ್ದು ಜೋಲೀನ್. ಇದು ನಿಮ್ಮಪ್ಪ ತಾನೇ ಬೆಲ್ಟಿಂದ ತೆಗೆದು ಹಾಕ್ಕೊಂಡದ್ದು."

ಅವಳು ಕೊಳವೆಯನ್ನು ಮೇಜಿನ ಮೇಲಿನ ಐದು ತೋಟೆಗಳ ಪಕ್ಕ ನಿಲ್ಲಿಸಿದಳು.

"ಕರುಗಳಿಗೆ ಕಯೋಟಿ ತೋಳಗಳ ಕಾಟ ಅಂತಿದ್ದ ಆ ವಾರ," ಎಂದಳು. "'ಐದೇ ಅಪ್ಪ' ಅಂತ ಹೇಳಿಯೇ ಕೈಗೆ ಕೊಟ್ಟೆ. ನಕ್ಕ."

ವರ್ಲಿನ್ನನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಮೂವತ್ತು ವರ್ಷದಿಂದ, ಹಳೇ ಕೋವಿ ಸಂಗ್ರಾಹಕರ ಕೂಟದ ಪ್ರತಿ ಪ್ರದರ್ಶನದಲ್ಲೂ ಹೊಸಬರಿಗೆ ಬುದ್ಧಿ ಹೇಳುವ ಕೆಲಸ ಅವನದು. ಐದರವರೆಗೆ ಎಣಿಸಲು ಬಾರದ ಒಬ್ಬ ಹುಡುಗಿಯ ಕಥೆಯಿಂದಲೇ ಅವನು ಮಾತು ಶುರುಮಾಡುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ. ಊರಿಗೆ ಹೆಸರು ಬೇಕಾಗಿಯೂ ಇರಲಿಲ್ಲ.

"ಜೋಲೀನ್, ನಾನು ಪ್ರತಿ ವರ್ಷ..."

"ಗೊತ್ತು. ಎರಡು ಸಲ ಹಿಂದೆ ಕೂತು ಕೇಳಿದೀನಿ. ಚೆನ್ನಾಗಿ ಹೇಳ್ತೀರಾ. ಜನ ನಗ್ತಾರೆ."

"ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ."

"ಅದು ಬೇಡ. ಶನಿವಾರದ ಪ್ರದರ್ಶನದಲ್ಲಿ ಮತ್ತೆ ಹೇಳಿ. ಹುಡುಗಿ ಸರಿಯಾಗೇ ಎಣಿಸಿದ್ಲು ಅಂತ ಹೇಳಿ. ಆರನೇದು ಯಾರು ಹಾಕಿದ್ದು ಅಂತ ಮಾತ್ರ ಹೇಳ್ಬೇಡಿ."

"ಊರಿಗೆ ಗೊತ್ತಾಗದೆ ಇರುತ್ತಾ?"

"ಗೊತ್ತಾಗ್ಲಿ. ನಗೋ ಜನರ ಮುಂದೆ ನೀವು ಅವನನ್ನ ತಂದು ನಿಲ್ಲಿಸ್ಬೇಡಿ."

ಶನಿವಾರ ಜಾತ್ರೆ ಮೈದಾನದ ಸಭಾಂಗಣದಲ್ಲಿ ನೂರು ಜನರಿದ್ದರು. ಮೇಜುಗಳ ಮೇಲೆ ರಿವಾಲ್ವರುಗಳು, ಮೂಲೆಯಲ್ಲಿ ಕಾಫಿಯ ಸಾಲು. ಜೋಲೀನ್ ಕೊನೆಯ ಸಾಲಿನಲ್ಲಿ, ಕೋಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು, ಕಾರಿನ ಕೀಲಿ ಕೈಯಲ್ಲಿ ಹಿಡಿದೇ ಕುಳಿತಿದ್ದಳು. ವರ್ಲಿನ್ ಎಂದಿನ ನಗೆಚಾಟಿಕೆ ಬಿಟ್ಟು ನೇರವಾಗಿ ಶುರುಮಾಡಿದ. ಡಬ್ಬಿಯ ತೋಟೆ, ಬೆಲ್ಟಿನ ತೋಟೆ, ಕಿಲುಬು, ಎಲ್ಲವನ್ನೂ ಹೇಳಿದ, ಆರನೆಯದು ಯಾರು ಹಾಕಿದ್ದು ಎಂಬುದೊಂದನ್ನು ಬಿಟ್ಟು.

"ಆ ಹುಡುಗಿಯ ಎಣಿಕೆ ಸರಿ ಇತ್ತು. ಮೂವತ್ತು ವರ್ಷ ನಾನು ನಿಮಗೆ ಸುಳ್ಳು ಹೇಳಿದೆ."

ಯಾರೂ ನಗಲಿಲ್ಲ. ನಡುವಿನ ಸಾಲಿನಿಂದ ಒಬ್ಬ ಕೇಳಿದ: "ಹಾಗಾದ್ರೆ ಆರನೇದು ಹಾಕಿದ್ದು ಯಾರು?"

"ಅವಳಲ್ಲ," ಎಂದ ವರ್ಲಿನ್.

ಹಿಂದಿನ ಸಾಲಿನಲ್ಲಿ ಜೋಲೀನ್ ಕೀಲಿಯನ್ನು ಜೇಬಿಗೆ ಹಾಕಿದಳು. ಎದ್ದು ನಿಂತು ಕೋಟು ಬಿಚ್ಚಿ, ಕುರ್ಚಿಯ ಬೆನ್ನಿಗೆ ಹಾಕಿ, ಮತ್ತೆ ಕುಳಿತಳು.