ಹಳೆ ರೌಟರಿಗೆ ಹೊಸ ಕೆಲಸ

ಆ ಬೀದಿಯ ಕಟಿಂಗ್ ಶಾಪಿನವನಿಗೆ ಗಿರಾಕಿಗಳು ಇಟ್ಟ ಹೆಸರು ರೇಡಿಯೊ. ಕತ್ತರಿ ನಿಂತರೂ ಬಾಯಿ ನಿಲ್ಲದು. ಅವನ ತಂಗಿ ಪುಟ್ಟಿ ಇದಕ್ಕೆ ತದ್ವಿರುದ್ಧ. ಮನೆಯೊಳಗೆ ಅಣ್ಣನ ಕಾಲೆಳೆಯುವಷ್ಟು ಮಾತು ಅವಳಿಗೆ ಸಲೀಸಾಗಿಯೇ ಬರುತ್ತಿತ್ತು. ಹೊರಗಿನವರು ಎದುರಾದರೆ, ಅದರಲ್ಲೂ ಫೋನಿನಲ್ಲಿ, ಮೊದಲ ಅಕ್ಷರವೇ ತಡವರಿಸಿ ನಿಂತುಬಿಡುತ್ತಿತ್ತು. ಅದಕ್ಕೆ ರೇಡಿಯೊ ಕಂಡುಕೊಂಡ ಮದ್ದು ಒಂದೇ: ಅವಳ ಪರವಾಗಿ ತಾನೇ ಉತ್ತರ ಕೊಡುವುದು. ಡಾಕ್ಟರು ಕೇಳಿದರೂ ಅವನೇ, ಬ್ಯಾಂಕಿನವರು ಕೇಳಿದರೂ ಅವನೇ. ಬಟ್ಟೆ ಅಂಗಡಿಯಲ್ಲಿ "ಯಾವ ಬಣ್ಣ ಬೇಕಮ್ಮ?" ಎಂದರೆ "ನೀಲಿ" ಎಂದುಬಿಡುವವನೂ ಅವನೇ. ಪುಟ್ಟಿಗೆ ನೀಲಿ ಇಷ್ಟವೋ ಇಲ್ಲವೋ, ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆದರೆ ಆ ಹುಡುಗಿಯ ಬೆರಳುಗಳನ್ನು ನೋಡಬೇಕು! ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿ ಪಳಗಿದ ಬೆರಳು. ಅಣ್ಣ ಅರಳು ಹುರಿದಂತೆ ಮಾತಾಡುತ್ತಿದ್ದರೂ ಒಂದಕ್ಷರ ಬಿಡದೆ ಟೈಪ್ ಮಾಡಿ ತೋರಿಸಿದ್ದಳು. ಈಗ ಒಂದು ಕಾಲೇಜಿನಿಂದ ಕರೆ ಬಂದಿತ್ತು. ಮೇಷ್ಟರು ಪಾಠ ಹೇಳುತ್ತಿದ್ದ ಹಾಗೆಯೇ ಮನೆಯಲ್ಲಿ ಕೂತು ಕೇಳಿಸಿಕೊಂಡು ಟೈಪ್ ಮಾಡಬೇಕು. ಕಿವಿ ಕೇಳದ ಮಕ್ಕಳು ಅದನ್ನು ಪರದೆಯ ಮೇಲೆ ಓದಿಕೊಳ್ಳುತ್ತಾರೆ. ಅದಕ್ಕೆ ಪುಟ್ಟಿಗೆ ಇವತ್ತು ಮಧ್ಯಾಹ್ನ ಒಂದು ಪಾಠದ ಪರೀಕ್ಷೆ. ನಡುವೆ ನೆಟ್ ಕೈಕೊಟ್ಟರೆ ಕೆಲಸ ಇಲ್ಲ. ಪಾಠ ಮುಗಿದ ಮೇಲೆ ಕಾಲೇಜಿನ ಮೇಡಂ ಫೋನ್ ಮಾಡಿ ಮಾತಾಡುತ್ತಾರೆ.

"ಫೋನಿಗೆ ನಾನಿದೀನಲ್ಲ, ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದಿದ್ದ ರೇಡಿಯೊ.

ಬೆಳಿಗ್ಗೆ ಎಡವಟ್ಟಾಯಿತು, ಮಾಡಿದ್ದೂ ರೇಡಿಯೊನೇ. ಅಂಗಡಿ ಗುಡಿಸಲೆಂದು ಕುರ್ಚಿಯನ್ನು ದರದರ ಎಳೆದ. ಅದರ ಕಬ್ಬಿಣದ ಪಾದ ನೆಟ್ ಕೇಬಲ್ಲಿನ ಮೇಲೆ ಕೂತು ಕಟಕ್ಕೆಂದಿತು. ಆ ಕೇಬಲ್ಲು ಅಂಗಡಿಯ ರೌಟರಿನಿಂದ ಗೋಡೆಯೊಳಗಿನ ಪೈಪಿನಲ್ಲಿ ಹಾದು, ಅಂಗಳ ದಾಟಿ, ಹಿಂದಿನ ಕೋಣೆಯಲ್ಲಿದ್ದ ಪುಟ್ಟಿಯ ಕಂಪ್ಯೂಟರಿಗೆ ಹೋಗುತ್ತಿತ್ತು. ಹಳೇ ಕಂಪ್ಯೂಟರು, ವೈರು ಚುಚ್ಚಿದರೆ ಮಾತ್ರ ಅದಕ್ಕೆ ನೆಟ್ಟು. ಪೈಪಿನಲ್ಲಿ ಹೊಸ ಕೇಬಲ್ ತೂರಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಕಂಪ್ಯೂಟರನ್ನೇ ಅಂಗಡಿಗೆ ತಂದಿಡೋಣವೆಂದರೆ, ಅಲ್ಲಿನ ಗಲಾಟೆಯಲ್ಲಿ ಪಾಠ ಕೇಳಿಸಬೇಕಲ್ಲ!

ರೇಡಿಯೊ ತುಂಡಾದ ಕೇಬಲ್ ಎತ್ತಿ ಹಿಡಿದ. "ಅಯ್ಯೋ ಪುಟ್ಟಿ, ನಿನ್ನ ಕೆಲಸಕ್ಕೆ ಕಲ್ಲು ಹಾಕ್ಬಿಟ್ಟೆ ಕಣೇ!"

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅಂಗಡಿಯ ಕಪಾಟಿನ ಮೂಲೆಯಲ್ಲಿ ಪೌಡರ್ ಡಬ್ಬಿಗೆ ಪೀಠವಾಗಿದ್ದ ಹಳೆ ರೌಟರನ್ನು ಎಳೆದು ತೆಗೆದು, ಧೂಳು ಊದಿದಳು. ಕಂಪನಿ ಬದಲಿಸಿದಾಗ ಉಳಿದುಕೊಂಡಿದ್ದ ಪೆಟ್ಟಿಗೆ ಅದು.

"ಇದಕ್ಕೆ ನೆಟ್ಟೆಲ್ಲಿಂದ ಬರುತ್ತೆ? ಇದೇ ಅನಾಥ," ಎಂದ ರೇಡಿಯೊ.

"ಅಂಗಡಿ ರೌಟರಿನ ವೈಫೈ ಇದು ಹಿಡ್ಕೊಳ್ಳುತ್ತೆ. ಇದರಿಂದ ತುಂಡು ವೈರಲ್ಲಿ ಕಂಪ್ಯೂಟರಿಗೆ ದಾಟಿಸುತ್ತೆ. ಬ್ರಿಡ್ಜ್ ಅಂತಾರೆ. ಒಂದು ಪಿನ್ನು ಕೊಡು."

ಹಿಂದಿನ ಕೋಣೆಗೆ ಒಯ್ದು ಕರೆಂಟು ಕೊಟ್ಟು, ಪಿನ್ನಿನ ತುದಿಯನ್ನು ರೌಟರಿನ ಹಿಂಬದಿಯ ಸಣ್ಣ ತೂತಿಗೆ ಒತ್ತಿ ಹಿಡಿದಳು. ದೀಪಗಳೆಲ್ಲ ಆರಿ, ಮತ್ತೆ ಹತ್ತಿಕೊಂಡವು. ಹಳೆಯದನ್ನೆಲ್ಲ ಮರೆಯಿತಂತೆ. ಆಮೇಲೆ ಕಂಪ್ಯೂಟರಿಗೆ ಚುಚ್ಚಿ, ಅದರ ಸೆಟ್ಟಿಂಗಿನ ಪುಟ ತೆರೆದು, ಬ್ರಿಡ್ಜ್ ಎಂಬಲ್ಲಿ ಗುರುತು ಹಾಕಿ, ಅಂಗಡಿಯ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟಳು. ಅವಳ ಕೈಯಲ್ಲಿ ಅವಸರವೇ ಇರಲಿಲ್ಲ. ಇಷ್ಟೆಲ್ಲ ಇವಳು ಯಾವಾಗ ಕಲಿತಳು? ತಾನು ಮುಂದೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದಾಗ ಇವಳು ಹಿಂದೆ ಕೂತು ಓದುತ್ತಿದ್ದಳೇ? ರೇಡಿಯೊ ಕಣ್ಣು ಪಿಳಿಪಿಳಿ ಬಿಡುತ್ತ ನಿಂತ.

ಸಿಗ್ನಲ್ ಮಾತ್ರ ಒಂದೇ ಗೆರೆ. ಪುಟ್ಟಿ ಮೊಬೈಲ್ ಹಿಡಿದು ಅಂಗಳದುದ್ದಕ್ಕೂ ನಡೆದು, ಅಂಗಡಿಯೊಳಗೆ ಬಂದು, ಅಣ್ಣನ ಹೆಮ್ಮೆಯ ಕನ್ನಡಿಯ ಮುಂದೆ ನಿಂತಳು. ಅಂಗಡಿಯ ಹಿಂಬದಿಯಲ್ಲಿ ಗೋಡೆಯಿಂದ ಗೋಡೆಗೆ ಇದ್ದ ಕನ್ನಡಿ. ಅಂಗಡಿಯ ರೌಟರು ಅದರ ಮುಂದಿನ ಹಲಗೆಯ ಮೇಲೆ, ಬಾಚಣಿಗೆಗಳ ಪಕ್ಕದಲ್ಲಿ ಕೂತಿತ್ತು.

"ಕನ್ನಡಿ ಹಿಂದೆ ಲೋಹ ಬಳಿದಿರ್ತಾರಲ್ಲ, ಅದು ಸಿಗ್ನಲ್ ವಾಪಸ್ ತಳ್ಳುತ್ತೆ. ಬೀದಿಯವರಿಗೆಲ್ಲ ನಮ್ಮ ನೆಟ್ಟು, ನಮಗೇ ಇಲ್ಲ."

ರೇಡಿಯೊ ಸ್ಟೂಲ್ ಹತ್ತಿ ರೌಟರನ್ನು ಕನ್ನಡಿಯ ಮೇಲಿನ ಗವಾಕ್ಷಿಯಲ್ಲಿಟ್ಟ. ಹಿಂದಿನ ಕೋಣೆಯಲ್ಲಿ ಗೆರೆಗಳು ಪೂರ್ತಿ ಎದ್ದವು. ಅವನು ಕುಣಿಯುವುದೊಂದು ಬಾಕಿ. ಅಷ್ಟರಲ್ಲೇ ಕುರ್ಚಿಯಲ್ಲಿ ನೊರೆ ಬಳಿಸಿಕೊಂಡು ಕಾಯುತ್ತಿದ್ದ ಪಕ್ಕದಂಗಡಿಯ ಟೈಲರ್ ಕೂಗಿದ: "ಏನಪ್ಪಾ ಇದು, ನನ್ನ ಫೋನಲ್ಲಿ ನೆಟ್ಟೇ ಹೋಯ್ತು!"

ಕಂಪ್ಯೂಟರಿನಲ್ಲೂ ಹೋಗಿತ್ತು. ಪುಟ್ಟಿ ಗಡಿಯಾರ ನೋಡಿದಳು, ಪಾಠಕ್ಕೆ ಹೆಚ್ಚು ಹೊತ್ತಿರಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದಳು. ಆಮೇಲೆ "ಛೆ, ನಂದೇ ತಪ್ಪು," ಎಂದು ಮತ್ತೆ ಕೀಲಿಮಣೆಯ ಮುಂದೆ ಕೂತಳು.

"ಎರಡು ರೌಟರಿಗೂ ನೆಟ್ಟಿನೊಳಗೆ ಒಂದೇ ವಿಳಾಸ ಇದೆ. ಅದೂ ಸಾಲದು ಅಂತ, ಯಾವ ಫೋನು ತನಗೊಂದು ವಿಳಾಸ ಕೇಳಿದ್ರೂ ಇದೇ ಉತ್ತರ ಕೊಟ್ಬಿಡ್ತಿದೆ. ಕೊಡಬೇಕಾದ್ದು ಅಂಗಡಿ ರೌಟರು."

"ಪಾಪ, ಸಹಾಯ ಮಾಡೋಣ ಅಂತಿರಬಹುದು," ಎಂದ ಅವಳ ಹಿಂದೆ ಬಂದು ನಿಂತ ರೇಡಿಯೊ.

"ಸಹಾಯಾನೇ. ಆದ್ರೆ ಇದು ಸುಮ್ನಿದ್ರೆ ಮಾತ್ರ ಕೆಲಸ ಆಗೋದು."

ಅವಳು ಹೇಳಿದ್ದು ರೌಟರಿಗೇ. ಪರದೆಯಿಂದ ಕಣ್ಣನ್ನೂ ಎತ್ತಿರಲಿಲ್ಲ. ಆದರೂ ರೇಡಿಯೊನಿಗೆ ಎಲ್ಲೋ ಚುರುಕ್ಕೆಂದಿತು. ಹಳೆ ರೌಟರಿಗೆ ಅವಳು ಬೇರೆ ವಿಳಾಸ ಕೊಟ್ಟಳು, ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿದಳು, ಎರಡನ್ನೂ ಆರಿಸಿ ಹಚ್ಚಿದಳು. ಅಂಗಡಿಯಿಂದ ಟೈಲರ್ "ಬಂತು ಬಂತು!" ಎಂದು ಕೂಗಿದ.

ಪಾಠ ಶುರುವಾಯಿತು. ರೇಡಿಯೊ ಟೈಲರನಿಗೆ ಅರ್ಧ ಗಡ್ಡ ಹೆರೆದು ಹಿಂದೆ ಓಡಿ ಬಂದು ಇಣುಕಿದ. ಮೇಷ್ಟರ ಬಾಯಿಂದ ಮಾತು ಬೀಳುವುದಕ್ಕೂ ಪರದೆಯ ಮೇಲೆ ಅಕ್ಷರ ಮೂಡುವುದಕ್ಕೂ ಅಂತರವೇ ಇರಲಿಲ್ಲ. ಮೇಷ್ಟರು ತಮಾಷೆ ಮಾಡಿದರೆ ತಮಾಷೆಯೂ ಬಂತು. ತಂಗಿಯ ಬೆನ್ನು ನೆಟ್ಟಗಿತ್ತು. ಇಂಥವಳಿಗೆ ತಾನು ಬಟ್ಟೆಯ ಬಣ್ಣ ಆರಿಸಿ ಕೊಡುತ್ತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ನೆಟ್ಟು ಕೊನೆಯವರೆಗೂ ಕೈಕೊಡಲಿಲ್ಲ.

ಫೋನ್ ಬಂತು. ಪುಟ್ಟಿ ಸ್ಪೀಕರ್ ಒತ್ತಿದಳು.

"ಚೆನ್ನಾಗಿ ಮಾಡಿದ್ರಿ," ಎಂದರು ಮೇಡಂ. "ಲೈನು ಒಂದ್ಸಲಾನೂ ಕಟ್ಟಾಗ್ಲಿಲ್ಲ. ಯಾರು ಸೆಟ್ ಮಾಡಿಕೊಟ್ರು?"

ಪುಟ್ಟಿಯ ತುಟಿ ಅದುರಿತು, ಮಾತು ಹೊರಡಲಿಲ್ಲ. ರೇಡಿಯೊನ ಬಾಯಿ ತಂತಾನೇ ತೆರೆದುಕೊಂಡಿತ್ತು. 'ನಮ್ಮ ಪುಟ್ಟೀನೇ ಮೇಡಂ, ಎಂಥಾ ಹುಡುಗಿ ಗೊತ್ತಾ' ಎಂಬುದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ಹಲ್ಲು ಕಚ್ಚಿ ಹಿಡಿದ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

"ಹಲೋ? ಇದೀರಾ?"

"ನಾ... ನಾ..." ಪುಟ್ಟಿ ಉಸಿರೆಳೆದುಕೊಂಡಳು. "ನಾನೇ ಮೇಡಂ. ಹ... ಹಳೇ ರೌಟರಿತ್ತು."

"ಹೌದಾ? ಹೇಗ್ ಮಾಡಿದ್ರಿ, ಹೇಳಿ. ನಿಧಾನಕ್ಕೆ ಹೇಳಿ, ನನಗೇನೂ ಅವಸರ ಇಲ್ಲ."

ಪುಟ್ಟಿ ಹೇಳತೊಡಗಿದಳು. ರೇಡಿಯೊ ಸದ್ದಾಗದಂತೆ ಹೊರಬಂದು ಬಾಗಿಲೆಳೆದುಕೊಂಡ. ಅಂಗಡಿಯಲ್ಲಿ ಅರ್ಧ ಗಡ್ಡದ ಟೈಲರ್ ಕುರ್ಚಿಯಿಂದ ಎದ್ದೇ ಬಿಟ್ಟಿದ್ದ.

"ಏನಾಯ್ತೋ? ಕೆಲಸ ಸಿಕ್ತಾ? ಏನಂದ್ರು ಮೇಡಂ?"

ರೇಡಿಯೊ ಅವನ ಭುಜ ಹಿಡಿದು ಕೂರಿಸಿ, ಒಣಗಿದ ಕೆನ್ನೆಗೆ ಮತ್ತೆ ನೊರೆ ಬಳಿದ.

"ತಾಳು," ಎಂದ. "ಅವಳೇ ಬಂದು ಹೇಳ್ತಾಳೆ."